ಅಂಗೈಯಗಲದ ಅಚ್ಚುಕೂಟ

ರಬ್ಬರ್, ಮರ ಅಥವಾ ಪಾಲಿಮರ್‌ನಲ್ಲಿ ಮೂಡಿಸಿದ ಅಚ್ಚಿಗೆ ಶಾಯಿ ತಾಗಿಸಿ, ಮಡಿಸಿದ ದಪ್ಪ ಕಾಗದದ ಮೇಲೆ ಅದನ್ನು ಕೈಯಿಂದಲೇ ಒತ್ತಿ, ಬೇಕಾದಲ್ಲಿ ಬಣ್ಣ ತುಂಬಿ ಸಿದ್ಧಪಡಿಸುವ ಶುಭಾಶಯ ಪತ್ರವು ಮುದ್ರಣಕಲೆಯ ಅತ್ಯಂತ ಚಿಕ್ಕ ರೂಪವಾಗಿದೆ. ಇದಕ್ಕೆ ಯಂತ್ರವಾಗಲಿ ಪ್ರತ್ಯೇಕ ಕೋಣೆಯಾಗಲಿ ಬೇಕಿಲ್ಲ. ಊಟದ ಮೇಜಿನ ಒಂದು ಬದಿ, ಎರಡು ಮೂರು ಅಚ್ಚು, ಒಂದು ಇಂಕ್ ಪ್ಯಾಡ್ ಮತ್ತು ತಕ್ಕ ಕಾಗದ ಇದ್ದರೆ ಕೆಲಸ ಆರಂಭವಾಗುತ್ತದೆ. ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಯುವ ಮುಂಬಯಿಯಂಥ ನಗರಕ್ಕೆ ಈ ಕಸುಬು ಒಗ್ಗುವುದಕ್ಕೆ ಇದೊಂದು ಕಾರಣವಾದರೆ, ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಫೋರ್ಟ್‌ನಿಂದ ಗಿರ್ಗಾಂವ್‌ವರೆಗಿನ ಕೆಲವೇ ಬೀದಿಗಳಲ್ಲಿ ದೊರೆಯುವುದು ಇನ್ನೊಂದು ಕಾರಣ.

ಈ ನಗರಕ್ಕೂ ಅಚ್ಚಿಗೂ ಇರುವ ನಂಟು ಹಳೆಯದು. ಗಣಪತ್ ಕೃಷ್ಣಾಜಿಯವರು 1831ರಲ್ಲಿ ಇಲ್ಲಿ ಕಲ್ಲಚ್ಚಿನಲ್ಲಿ ಪಂಚಾಂಗ ಮುದ್ರಿಸಿದರು. ಜಾವಜಿ ದಾದಾಜಿಯವರ ನಿರ್ಣಯಸಾಗರ ಮುದ್ರಣಾಲಯ 1869ರಲ್ಲಿ ಸ್ಥಾಪನೆಯಾಗಿ ದೇವನಾಗರಿ ಮುದ್ರಣಕ್ಕೆ ಮಾದರಿಯಾಯಿತು. ರಾಜಾ ರವಿವರ್ಮನ ಚಿತ್ರಗಳನ್ನು ಮನೆಮನೆಯ ಗೋಡೆಗೆ ತಲುಪಿಸಿದ ಮುದ್ರಣಾಲಯ 1894ರಲ್ಲಿ ಗಿರ್ಗಾಂವ್‌ನಲ್ಲಿ ಆರಂಭವಾಗಿ ಬಳಿಕ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರವಾಯಿತು. ಅದೇ ಗಿರ್ಗಾಂವ್‌ನ ಖಾಡಿಲ್ಕರ್ ರಸ್ತೆಯಲ್ಲಿ ಇಂದಿಗೂ ಲಗ್ನಪತ್ರಿಕೆಯ ಅಂಗಡಿಗಳು ಸಾಲಾಗಿವೆ.

ಶುಭಾಶಯ ಪತ್ರ ಬಂದ ದಾರಿ

ಹಬ್ಬದ ಹಾರೈಕೆಯನ್ನು ಅಚ್ಚುಹಾಕಿ ಅಂಚೆಯಲ್ಲಿ ಕಳಿಸುವ ರೂಢಿಯ ಆರಂಭವನ್ನು ಸಾಮಾನ್ಯವಾಗಿ 1843ರ ಲಂಡನ್ನಿಗೆ ಗುರುತಿಸಲಾಗುತ್ತದೆ. ಆ ವರ್ಷ ಹೆನ್ರಿ ಕೋಲ್ ಎಂಬ ಅಧಿಕಾರಿ, ಬಂದ ಪತ್ರಗಳಿಗೆಲ್ಲ ಬೇರೆ ಬೇರೆಯಾಗಿ ಉತ್ತರಿಸುವುದು ಕಷ್ಟವೆಂದು, ಜಾನ್ ಕ್ಯಾಲ್‌ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಕ್ರಿಸ್ಮಸ್ ಚಿತ್ರವೊಂದನ್ನು ಬರೆಸಿ ಸುಮಾರು ಸಾವಿರ ಪ್ರತಿಗಳನ್ನು ಕಲ್ಲಚ್ಚಿನಲ್ಲಿ ತೆಗೆಸಿದನು. ಅವುಗಳಿಗೆ ಬಣ್ಣ ತುಂಬಿದ್ದು ಕೈಯಿಂದಲೇ ಎಂಬುದನ್ನು ಗಮನಿಸಿದರೆ, ಅಚ್ಚು ಮತ್ತು ಕೈಗೆಲಸ ಈ ಪತ್ರದಲ್ಲಿ ಮೊದಲಿನಿಂದಲೂ ಕೂಡಿಯೇ ಇದ್ದವೆಂದು ತಿಳಿಯುತ್ತದೆ. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡ್ ಬಂದ ಮೇಲೆ, ನಾಲ್ಕು ಸಾಲಿನ ಹಾರೈಕೆಯನ್ನು ದೂರದೂರಿಗೆ ಕಳಿಸುವುದು ಸಾಮಾನ್ಯರ ಕೈಗೂ ಎಟುಕಿತು.

ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಈ ರೂಢಿಗೆ ತನ್ನದೇ ಆದ ಹಬ್ಬವೊಂದು ದೊರೆಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಿ ಒಳ್ಳೆಯ ಮಾತನ್ನು ಬೇಡುವ ಸಂಪ್ರದಾಯ ಎರಡೂ ಕಡೆ ಇರುವುದರಿಂದ, ಊರಿನಲ್ಲಿಲ್ಲದ ಬಂಧುಗಳಿಗೆ ಶುಭಾಶಯ ಪತ್ರದೊಳಗೆ ಕುಸುರೆಳ್ಳಿನ, ಅಂದರೆ ಸಕ್ಕರೆ ಪಾಕದಲ್ಲಿ ಮುಳ್ಳುಮುಳ್ಳಾಗಿ ಕಟ್ಟಿಸಿದ ಎಳ್ಳಿನ, ಪುಟ್ಟ ಪೊಟ್ಟಣವಿಟ್ಟು ಅಂಚೆಗೆ ಹಾಕುವ ಪದ್ಧತಿ ಬೆಳೆಯಿತು. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಲಕೋಟೆಯಲ್ಲಿ ಕಳಿಸುವುದೂ ಇದೇ ಬಗೆಯದು. ಮದುವೆಯ ಕರೆಯೋಲೆ ಎಷ್ಟೇ ಅಂದವಾಗಿ ಅಚ್ಚಾಗಿ ಬಂದಿರಲಿ, ಅದರ ನಾಲ್ಕು ಮೂಲೆಗೂ ಮನೆಯ ಹಿರಿಯರು ಬೆರಳಿನಿಂದ ಅರಿಸಿನ ಕುಂಕುಮ ಒತ್ತಿದ ಮೇಲೆಯೇ ಅದು ಹಂಚಲು ಯೋಗ್ಯವಾಗುತ್ತದೆ. ಅಚ್ಚಾದ ಕಾಗದಕ್ಕೆ ಕಳಿಸುವವರ ಕೈಯ ಗುರುತು ಇರಬೇಕೆಂಬ ಈ ನಂಬಿಕೆಯೇ ಕೈಯಚ್ಚಿನ ಪತ್ರಕ್ಕೂ ಆಧಾರವಾಗಿದೆ.

ಕಾಗದದ ಆಯ್ಕೆ

ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಮಾನದಿಂದ, ಅಂದರೆ ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕದಿಂದ, ಅಳೆಯುತ್ತಾರೆ. ಬರೆಯುವ ಹಾಳೆ 70ರಿಂದ 80 ಜಿಎಸ್‌ಎಂ ಇದ್ದರೆ, ಮಡಿಸಿ ನಿಲ್ಲಿಸಬೇಕಾದ ಪತ್ರಕ್ಕೆ 220ರಿಂದ 300 ಜಿಎಸ್‌ಎಂ ಬೇಕಾಗುತ್ತದೆ. ಎ4 ಹಾಳೆಯೊಂದನ್ನು ಅಡ್ಡಲಾಗಿ ಎರಡು ಮಾಡಿ, ಪ್ರತಿ ತುಂಡನ್ನು ನಡುವೆ ಮಡಿಸಿದರೆ ಎ6 ಅಳತೆಯ ಎರಡು ಪತ್ರಗಳಾಗುತ್ತವೆ. 300 ಜಿಎಸ್‌ಎಂ ಹಾಳೆಯಲ್ಲಿ ಇಂಥ ಒಂದು ಪತ್ರದ ತೂಕ ಸುಮಾರು 9 ಗ್ರಾಂ ಆಗುವುದರಿಂದ, ಲಕೋಟೆಯೂ ಸೇರಿ ಅದು ಸಾದಾ ಅಂಚೆಯ ಮೊದಲ ದರದ ಮಿತಿಯಾದ 20 ಗ್ರಾಮಿನೊಳಗೇ ಉಳಿಯುತ್ತದೆ.

ಕೈಕಾಗದದ ಗುಣವೇ ಬೇರೆ. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ವಾರ್ಧಾದಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ ನಶಿಸುತ್ತಿದ್ದ ಕಾಗದದ ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಿತು. 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಹುಟ್ಟಿತು. ಇಂದು ಈ ಕಸುಬಿಗೆ ಬೆಂಬಲವಾಗಿರುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರ ಕಚೇರಿ ಮುಂಬಯಿಯ ವಿಲೆಪಾರ್ಲೆಯಲ್ಲಿದೆ. ಹೊಲಿಗೆ ಕಾರ್ಖಾನೆಗಳಲ್ಲಿ ಉಳಿಯುವ ಹತ್ತಿಬಟ್ಟೆಯ ಕತ್ತರಿಚೂರುಗಳನ್ನು ನೀರಿನಲ್ಲಿ ಅರೆದು, ಆ ತಿರುಳನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಒತ್ತಿ ಒಣಗಿಸಿದರೆ ಕೈಕಾಗದವಾಗುತ್ತದೆ. ಮರ ಕಡಿಯುವ ಅಗತ್ಯವೇ ಬೀಳುವುದಿಲ್ಲ. ಸಾಮಾನ್ಯವಾಗಿ 22 ಇಂಚು ಅಗಲ, 30 ಇಂಚು ಉದ್ದವಿರುವ ಇದರ ಒಂದು ಹಾಳೆಯಲ್ಲಿ ಮೇಲೆ ಹೇಳಿದ ಅಳತೆಯ ಹತ್ತು ಪತ್ರಗಳು ಹೊರಡುತ್ತವೆ. ಆದರೆ ಇದರ ಮೈ ತುಸು ಒರಟಾಗಿರುವುದರಿಂದ ಸಣ್ಣ ಗೆರೆಗಳ ಅಚ್ಚು ಒಡೆದು ಮೂಡುತ್ತದೆ. ಎಲೆ, ಹೂವು, ಹಣತೆಯಂಥ ತುಂಬಿದ ಆಕಾರಗಳೇ ಇದಕ್ಕೆ ಹೊಂದುತ್ತವೆ.

ಅಚ್ಚಿನ ಬಗೆಗಳು

ರಬ್ಬರ್ ಅಚ್ಚಿಗೆ ಮೂರು ಪದರಗಳಿರುತ್ತವೆ: ಚಿತ್ರ ಉಬ್ಬಿರುವ ರಬ್ಬರ್ ಮೈ, ಒತ್ತಡವನ್ನು ಸಮನಾಗಿ ಹಂಚುವ ಮೆತ್ತನೆಯ ಸ್ಪಂಜು, ಹಿಡಿದುಕೊಳ್ಳಲು ಮರದ ಹಿಡಿ. ಹಸಿ ರಬ್ಬರ್ ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುವ ದೋಷವನ್ನು, ಗಂಧಕ ಬೆರೆಸಿ ಕಾಯಿಸುವ ವಲ್ಕನೀಕರಣದಿಂದ ಚಾರ್ಲ್ಸ್ ಗುಡ್‌ಇಯರ್ ನಿವಾರಿಸಿ 1844ರಲ್ಲಿ ಪೇಟೆಂಟ್ ಪಡೆದ ಮೇಲೆ, 1860ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಮೊಹರು ಬಳಕೆಗೆ ಬಂದಿತು. ಕಚೇರಿಗಾಗಿ ಹುಟ್ಟಿದ ಈ ಉಪಕರಣ ಕಲೆಯ ಸಾಧನವಾದದ್ದು ಬಹಳ ತಡವಾಗಿ. ಪಾರದರ್ಶಕ ಪಾಲಿಮರ್ ಅಚ್ಚು ಇನ್ನೂ ಹೊಸದು. ಅದನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ ಒತ್ತುವಾಗ ಕೆಳಗಿನ ಕಾಗದ ಕಾಣುವುದರಿಂದ, ಚಿತ್ರ ಎಲ್ಲಿ ಮೂಡುವುದೆಂಬುದು ಮೊದಲೇ ತಿಳಿಯುತ್ತದೆ. ಬಟ್ಟೆಯ ಮೇಲೆ ಒತ್ತುವ ಮರದ ಅಚ್ಚುಗಳೂ ಈ ಕೆಲಸಕ್ಕೆ ಬರುತ್ತವೆ. ತೇಗದಲ್ಲಿ ಅವನ್ನು ಕೆತ್ತುವವರ ಊರೆಂದು ಗುಜರಾತಿನ ಪೇಥಾಪುರ ಹೆಸರಾಗಿದೆ.

ಫೋರ್ಟ್ ಭಾಗದ ಬೋರಾ ಬಜಾರಿನಂಥ ಬೀದಿಗಳಲ್ಲಿ ಕಚೇರಿಯ ಮೊಹರು ಮಾಡಿಕೊಡುವವರಿಗೆ ಕಪ್ಪು ಬಿಳುಪಿನಲ್ಲಿ ಬರೆದ ಚಿತ್ರ ಕೊಟ್ಟರೆ ಅದನ್ನೂ ರಬ್ಬರಿನಲ್ಲಿ ಮೂಡಿಸಿಕೊಡುತ್ತಾರೆ. ಕ್ರಾಫರ್ಡ್ ಮಾರುಕಟ್ಟೆಯ ಹತ್ತಿರದ ಅಬ್ದುಲ್ ರೆಹಮಾನ್ ಬೀದಿ ಸ್ಟೇಷನರಿ ಸಾಮಾನಿನ ಸಗಟು ಪೇಟೆಯಾಗಿದೆ. ಏನೂ ಕೊಳ್ಳದೆ ಆರಂಭಿಸುವವರಿಗೆ ಅಡಿಗೆಮನೆಯೇ ಸಾಕು: ಅಡ್ಡಕ್ಕೆ ಕೊಯ್ದ ಬೆಂಡೆಕಾಯಿ ಐದೆಸಳಿನ ಹೂವಿನಂತೆ ಮೂಡುತ್ತದೆ, ಅರ್ಧ ಮಾಡಿದ ಆಲೂಗಡ್ಡೆಯಲ್ಲಿ ಬೇಕಾದ ಆಕಾರ ಕೊರೆಯಬಹುದು.

ಶಾಯಿಯ ಗುಣ

ಮುಂಬಯಿಗೆ ಶಾಯಿಯ ಉದ್ಯಮವೂ ಹೊಸದಲ್ಲ. ಚಿತ್ರಕಲೆ ಕಲಿಯುವ ಮಕ್ಕಳೆಲ್ಲರಿಗೂ ಪರಿಚಿತವಾದ ಕ್ಯಾಮ್ಲಿನ್ ಸಂಸ್ಥೆಯು 1931ರಲ್ಲಿ ದಿಗಂಬರ ಪರಶುರಾಮ ದಾಂಡೇಕರ್ ಅವರು ಇಲ್ಲಿ ಆರಂಭಿಸಿದ ಶಾಯಿಪುಡಿಯ ತಯಾರಿಕೆಯಿಂದಲೇ ಬೆಳೆದು ಬಂದಿದೆ. ಅಚ್ಚೊತ್ತಲು ಬಳಸುವ ಶಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣವು ದ್ರವದಲ್ಲಿ ಪೂರ್ತಿ ಕರಗಿರುವುದರಿಂದ ಅದು ಕಾಗದದ ನಾರಿನೊಳಗೆ ಇಳಿದು ಬೇಗ ಒಣಗುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ, ನೀರು ತಾಗಿದರೆ ಹಬ್ಬುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಕರಗದೆ ತೇಲುತ್ತಿದ್ದು ಕಾಗದದ ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ, ಅದು ಗಾಢವಾಗಿ ಕಾಣುತ್ತದೆ ಮತ್ತು ಬಹುಕಾಲ ಬಾಳುತ್ತದೆ, ಆದರೆ ನಿಧಾನವಾಗಿ ಒಣಗುತ್ತದೆ. ಈ ನಿಧಾನವೇ ಇನ್ನೊಂದು ವಿಧಾನಕ್ಕೆ ಅವಕಾಶ ಕೊಡುತ್ತದೆ: ಹಸಿ ಗುರುತಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸಿ, ಅಂಟದೆ ಉಳಿದದ್ದನ್ನು ಕೊಡವಿ, ಹೀಟ್ ಗನ್‌ನಿಂದ ಬಿಸಿಗಾಳಿ ಹಾಯಿಸಿದರೆ ಪುಡಿ ಕರಗಿ ಹೊಳೆಯುವ ಉಬ್ಬುಗೆರೆಯಾಗುತ್ತದೆ. ಇದನ್ನು ಎಂಬಾಸಿಂಗ್ ಎನ್ನುತ್ತಾರೆ.

ಪ್ಯಾಡ್ ಬೇಗ ಒಣಗದಿರಲೆಂದು ಶಾಯಿಗೆ ಗ್ಲಿಸರಿನ್ ಸೇರಿಸುವುದುಂಟು. ಗ್ಲಿಸರಿನ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತುವಾದುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯ ಮಳೆಗಾಲದಲ್ಲಿ ಒತ್ತಿದ ಗುರುತು ಒಣಗಲು ಹೆಚ್ಚು ಸಮಯ ಹಿಡಿಯುತ್ತದೆ; ಕಾಗದವೂ ನೀರು ಕುಡಿದು ಸೊಟ್ಟಗಾಗುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ನುಣುಪು ಲೇಪದ ಹಾಳೆಯನ್ನು ಬಿಟ್ಟು ಹೀರುವ ಗುಣದ ಹಾಳೆಯನ್ನು ಬಳಸುವುದು, ಕಾಗದವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಒಳ್ಳೆಯದು.

ಒತ್ತುವ ಕ್ರಮ

ಮೊದಲು ಮಡಿಕೆ. ದಪ್ಪ ಹಾಳೆಯನ್ನು ನೇರವಾಗಿ ಮಡಿಸಿದರೆ ನಾರು ಒಡೆದು ಅಂಚು ಬಿರಿಯುವುದರಿಂದ, ಸ್ಕೇಲಿಗೆ ಒತ್ತಿ ಖಾಲಿಯಾದ ಬಾಲ್‌ಪೆನ್ನಿನಿಂದ ಒಂದು ತಗ್ಗುಗೆರೆ ಎಳೆದು, ಆ ಗೆರೆಯ ಮೇಲೆ ಮಡಿಸಬೇಕು. ಅಚ್ಚು ದೊಡ್ಡದಾಗಿದ್ದರೆ ಅದನ್ನು ಮೇಲ್ಮುಖವಾಗಿ ಹಿಡಿದು ಅದರ ಮೇಲೆ ಪ್ಯಾಡನ್ನು ಮೆಲ್ಲಗೆ ತಟ್ಟಿದರೆ ಉಬ್ಬಿದ ಭಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಪ್ಯಾಡಿನೊಳಕ್ಕೆ ಅಚ್ಚನ್ನು ಅದುಮಿದರೆ ತಗ್ಗಿಗೂ ಶಾಯಿ ಇಳಿದು ಸುತ್ತಲೂ ಕಲೆಯಾಗುತ್ತದೆ. ಕಾಗದದ ಕೆಳಗೆ ಮಡಿಸಿದ ದಿನಪತ್ರಿಕೆ ಹಾಸಿ, ಅಚ್ಚನ್ನು ನೇರವಾಗಿ ಇಳಿಸಿ, ಅಲುಗಿಸದೆ ಒತ್ತಿ, ನೇರವಾಗಿಯೇ ಮೇಲೆತ್ತಬೇಕು.

ಒಮ್ಮೆ ಶಾಯಿ ಹಚ್ಚಿ ಎರಡು ಮೂರು ಬಾರಿ ಒತ್ತಿದರೆ ಪ್ರತಿ ಗುರುತೂ ಹಿಂದಿನದಕ್ಕಿಂತ ತೆಳುವಾಗುತ್ತದೆ. ಈ ಗುಣವನ್ನು ಬಳಸಿ ಒಂದೇ ಮಾವಿನೆಲೆಯ ಅಚ್ಚಿನಿಂದ ಮುಂದಿನ ಎಲೆ ಗಾಢವಾಗಿ, ಹಿಂದಿನದು ತಿಳಿಯಾಗಿ ಕಾಣುವ ತೋರಣವನ್ನು ಮೂಡಿಸಬಹುದು. ಎಲೆಯೊಂದರ ಹಿಂದೆ ಇನ್ನೊಂದು ಇರುವಂತೆ ಕಾಣಬೇಕಾದರೆ, ಮೊದಲ ಗುರುತನ್ನು ಅದೇ ಆಕಾರಕ್ಕೆ ಕತ್ತರಿಸಿದ ತೆಳು ಕಾಗದದಿಂದ ಮುಚ್ಚಿ, ಅದರ ಅಂಚಿನ ಮೇಲೆ ಹಾಯುವಂತೆ ಎರಡನೆಯದನ್ನು ಒತ್ತುವುದು ಕ್ರಮ.

ಕನ್ನಡದ ಅಕ್ಷರ, ಅಚ್ಚಿನಲ್ಲಿ

ಅಂಗಡಿಯಲ್ಲಿ ಸಿಗುವ ಹಾರೈಕೆಯ ಅಚ್ಚುಗಳು ಬಹುಪಾಲು ಇಂಗ್ಲಿಷಿನವಾದುದರಿಂದ, ಕನ್ನಡದ ಅಚ್ಚು ಬೇಕಾದವರು ಮಾಡಿಸಬೇಕು ಇಲ್ಲವೇ ತಾವೇ ಕೆತ್ತಬೇಕು. ಕೆತ್ತಲು ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರ್ ಮತ್ತು ಚೂಪಾದ ಕಟರ್ ಸಾಕು. ತೆಳುಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಅಕ್ಷರ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲಾಗಿ ಇಟ್ಟು ಉಗುರಿನಿಂದ ಉಜ್ಜಿದರೆ ಅಕ್ಷರ ತಾನಾಗಿ ತಿರುವುಮುರುವಾಗಿ ಇಳಿಯುತ್ತದೆ. ಬಳಿಕ ಗೆರೆಯ ಹೊರಗಿನ ರಬ್ಬರನ್ನು ತೆಗೆಯುವಾಗ ಅಲಗನ್ನು ಹೊರಕ್ಕೆ ಓರೆಯಾಗಿ ಹಿಡಿಯಬೇಕು. ಹಾಗೆ ಮಾಡಿದರೆ ಅಕ್ಷರದ ಬುಡ ಮೈಗಿಂತ ಅಗಲವಾಗಿ ಉಳಿದು ಒತ್ತಿದಾಗ ಬಳುಕುವುದಿಲ್ಲ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಅಲಗನ್ನು ತಿರುಗಿಸುವುದಕ್ಕಿಂತ ರಬ್ಬರನ್ನೇ ತಿರುಗಿಸುತ್ತ ಹೋಗುವುದು ಸುಲಭ. ಠ, ಥ, ಭಗಳ ಹೊಟ್ಟೆಯನ್ನು ಅಗಲವಾಗಿ ತೆರೆಯದಿದ್ದರೆ ಅಲ್ಲಿ ಶಾಯಿ ಕಟ್ಟಿಕೊಳ್ಳುತ್ತದೆ. ಒತ್ತಕ್ಷರವಿರುವ ಮಾತಿಗೆ ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಬಿಡಬೇಕಾಗುತ್ತದೆ. ಆದುದರಿಂದ ಹೊಸಬರು ಒತ್ತಕ್ಷರವಿಲ್ಲದ ‘ಶುಭಾಶಯ’ ಎಂಬ ಒಂದೇ ಪದದಿಂದ ಆರಂಭಿಸುವುದು ಉಚಿತ.

ಪತ್ರದಿಂದ ಬೆಳೆದ ಸಂಸ್ಥೆಗಳು

ಶುಭಾಶಯ ಪತ್ರವು ಹಾರೈಕೆಗಿಂತ ಹೆಚ್ಚಿನ ಕೆಲಸವನ್ನೂ ಮಾಡಬಲ್ಲದು. ಯುನಿಸೆಫ್‌ನ ಮೊದಲ ಪತ್ರ ಮೂಡಿದ್ದು 1949ರಲ್ಲಿ, ಯಿತ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಚೆಕ್ ಬಾಲಕಿ ಬರೆದ ಕೃತಜ್ಞತೆಯ ಚಿತ್ರದಿಂದ. ಮುಂಬಯಿಯಲ್ಲಿ 1979ರಲ್ಲಿ ವಿಮಾನ ಸಂಸ್ಥೆಯ ಉದ್ಯೋಗಿ ರಿಪ್ಪನ್ ಕಪೂರ್ ಅವರು ಗೆಳೆಯರೊಂದಿಗೆ 50 ರೂಪಾಯಿ ಮೂಲಧನದಿಂದ ಕಟ್ಟಿದ ‘ಕ್ರೈ’ ಸಂಸ್ಥೆಯು ಮಕ್ಕಳಿಗಾಗಿ ನಿಧಿ ಕೂಡಿಸಲು ಅನೇಕ ವರ್ಷ ಮುಖ್ಯವಾಗಿ ನೆಚ್ಚಿಕೊಂಡದ್ದು ಶುಭಾಶಯ ಪತ್ರಗಳ ಮಾರಾಟವನ್ನೇ. ಆ ಪತ್ರಗಳು ಯಂತ್ರದಲ್ಲಿ ಅಚ್ಚಾದವು. ಕೈಯಚ್ಚಿನ ಪತ್ರವಾದರೋ ಮಾರಾಟಕ್ಕಿಂತ ಮುಂಚೆ ತಯಾರಿಕೆಯಲ್ಲಿಯೇ ಉಪಕಾರ ಮಾಡುತ್ತದೆ. ಕುಂಚ ಹಿಡಿದು ನೇರ ಗೆರೆ ಎಳೆಯಲಾರದ ಕೈಗೂ ಅಚ್ಚು ಪ್ರತಿ ಬಾರಿ ಅದೇ ಹೂವನ್ನು ಕೊಡುವುದರಿಂದ, ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಕೈ ನಡುಗುವ ವೃದ್ಧರಿಗೂ ಪೂರ್ಣಗೊಂಡ ಕೆಲಸದ ತೃಪ್ತಿ ಇದರಲ್ಲಿ ಸಿಗುತ್ತದೆ. ಈ ಕಸುಬಿನ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಮುಂಬಯಿ ಕನ್ನಡಿಗರಿಗೆ ಇದನ್ನು ಕೈಗೆತ್ತಿಕೊಳ್ಳಲು ಬೇಕಾದ ನೆಲೆಗಳೂ ಇವೆ. ಮೊಗವೀರರು 1908ರಲ್ಲಿಯೇ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ತೆರೆದ ನಗರವಿದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ ನಡೆದು ಬಂದಿದೆ. ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ. ಕನ್ನಡ ಸಂಘಗಳೂ ಶಾಲೆಗಳೂ ಯುಗಾದಿ, ದಸರಾ, ದೀಪಾವಳಿ, ಸಂಕ್ರಾಂತಿಗಳಿಗೆ ಕನ್ನಡದ ಅಚ್ಚುಗಳ ಒಂದೊಂದು ಪೆಟ್ಟಿಗೆಯನ್ನು ಮಾಡಿಸಿ ಗ್ರಂಥಾಲಯದಲ್ಲಿ ಇಟ್ಟರೆ, ಪುಸ್ತಕದಂತೆಯೇ ಅವನ್ನು ಸದಸ್ಯರು ಎರವಲು ಒಯ್ಯಬಹುದು. ಕನ್ನಡ ಓದಲು ಕಲಿಯುತ್ತಿರುವ ಮಕ್ಕಳು ಅಕ್ಷರದ ತಿರುವುಗಳನ್ನು ಕೈಯಿಂದಲೂ ಕಲಿಯುತ್ತಾರೆ. ಹಾಗೆ ಸಿದ್ಧವಾದ ಪತ್ರಗಳನ್ನು ಅಂಚೆಗೆ ಹಾಕಲು ನಗರದ ಪ್ರಧಾನ ಅಂಚೆ ಕಚೇರಿಗಿಂತ ತಕ್ಕ ಸ್ಥಳವಿಲ್ಲ; ಜಾನ್ ಬೆಗ್ ಅವರ ವಿನ್ಯಾಸದಂತೆ 1913ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಗುಮ್ಮಟಕ್ಕೆ ವಿಜಯಪುರದ ಗೋಳಗುಮ್ಮಟವೇ ಮಾದರಿ. ಮುಂದಿನ ಸಂಕ್ರಾಂತಿಗೆ ಪ್ರತಿಯೊಂದು ಕನ್ನಡ ಮನೆಯಿಂದ ಊರಿನ ಹಿರಿಯರೊಬ್ಬರಿಗಾದರೂ ಕೈಯಚ್ಚಿನ ಒಂದು ಪತ್ರ ಹೋಗಲಿ. ಅದಕ್ಕೆ ತಗಲುವುದು ಒಂದು ಸಂಜೆಯ ಬಿಡುವು ಮತ್ತು ಒಂದು ಅಂಚೆಚೀಟಿ.