ಎಮ್ಮೆಯ ಉದರದಲ್ಲೊಂದು ಜೀವಲೋಕ

ದಾಂಡೇಲಿಯ ಮಗ್ಗುಲಿನ ಅಂಬೇವಾಡಿಯಿಂದ ಹಳಿಯಾಳ, ಮುಂಡಗೋಡಗಳವರೆಗಿನ ಕಾಡಂಚುಗಳಲ್ಲಿ ಗೌಳಿಗಳು ತಲೆಮಾರುಗಳಿಂದ ಮೇಯಿಸಿಕೊಂಡು ಬಂದಿರುವ ಎಮ್ಮೆಗೆ, ತಾನು ಮೇಯುವ ಹುಲ್ಲಿನ ನಾರನ್ನು ಸ್ವಶಕ್ತಿಯಿಂದ ಅರಗಿಸಿಕೊಳ್ಳುವ ಸಾಮರ್ಥ್ಯವಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಯಾವ ಸೆಲ್ಯುಲೋಸನ್ನು ಮರದಿಂದ ಬಿಡಿಸಲು ಕ್ಷಾರವನ್ನೂ ಉಗ್ರವಾದ ತಾಪವನ್ನೂ ಬಳಸುವುದೋ, ಹುಲ್ಲಿನಲ್ಲಿರುವ ಅದೇ ಸೆಲ್ಯುಲೋಸನ್ನು ಒಡೆದು ಹುದುಗಿಸುವ ಕಾರ್ಯವು ಎಮ್ಮೆಯ ಮೊದಲ ಜಠರವಾದ ರೂಮೆನ್ನಿನಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಮುಖ್ಯವಾಗಿ ಬ್ಯಾಕ್ಟೀರಿಯಗಳಿಂದ ನಡೆಯುತ್ತದೆ. ಅಲ್ಲಿನ ಒಂದು ಮಿಲಿಲೀಟರ್ ದ್ರವದಲ್ಲಿ ಅವು ಸಾವಿರ ಕೋಟಿಯಷ್ಟು ಇರಬಹುದು. ಅವು ಹೊರಬಿಡುವ ಆಮ್ಲಗಳು ಎಮ್ಮೆಗೆ ಶಕ್ತಿಯನ್ನೊದಗಿಸಿದರೆ, ಮುಂದಿನ ಜಠರಕ್ಕೆ ಸಾಗಿ ಜೀರ್ಣವಾಗುವ ಅವುಗಳ ಶರೀರವೇ ಅದಕ್ಕೆ ಪ್ರೋಟೀನನ್ನು ನೀಡುತ್ತದೆ.

ಕೋಶಕೇಂದ್ರವಿಲ್ಲದ ಈ ಏಕಕೋಶಜೀವಿಗಳನ್ನು ಆಕಾರದಿಂದ ದುಂಡಾಣು, ದಂಡಾಣು, ಸುರುಳಿಯಾಣುಗಳೆಂದು ವಿಭಾಗಿಸುವುದು ಹಳೆಯ ಕ್ರಮ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವರ್ಣಪರೀಕ್ಷೆಯಲ್ಲಿ, ದಪ್ಪ ಕೋಶಭಿತ್ತಿಯುಳ್ಳವು ನೇರಿಳೆ ಬಣ್ಣವನ್ನು ಹಿಡಿದಿಟ್ಟುಕೊಂಡು ಗ್ರಾಂ-ಧನ ಗುಂಪಿಗೂ, ಅದನ್ನು ಕಳೆದುಕೊಳ್ಳುವ ತೆಳುಭಿತ್ತಿಯವು ಗ್ರಾಂ-ಋಣ ಗುಂಪಿಗೂ ಸೇರುತ್ತವೆ. ಆದರೆ ಅವುಗಳ ಬಾಳ್ವೆಯನ್ನು ಅರಿಯಬಯಸುವವನಿಗೆ, ಆಮ್ಲಜನಕ ಬೇಕೆನ್ನುವವು, ಅದನ್ನು ಸಹಿಸದವು, ಇದ್ದರೂ ಇಲ್ಲದಿದ್ದರೂ ಬದುಕುವವು ಎಂಬ ಭೇದವೇ ಹೆಚ್ಚು ಬೋಧಪ್ರದ.

ಇವುಗಳ ಸಂತಾನವೃದ್ಧಿ ಅತ್ಯಂತ ಸರಳ. ಕೋಶವು ಉದ್ದವಾಗಿ, ತನ್ನ ಡಿಎನ್‌ಎಯ ಪ್ರತಿಯೊಂದನ್ನು ರಚಿಸಿಕೊಂಡು, ನಡುವೆ ಅಡ್ಡಗೋಡೆ ಮೂಡಿ ಎರಡಾಗುತ್ತದೆ. ಅನುಕೂಲ ಸನ್ನಿವೇಶದಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಸುವ ಒಂದೇ ಕೋಶವು 10 ಗಂಟೆಗಳಲ್ಲಿ 107 ಕೋಟಿಯನ್ನು ಮೀರಬೇಕು. ಹಾಗೆಯೇ ಮುಂದುವರಿಯದಿರಲು ಕಾರಣವನ್ನು ಮೊಸರಿನ ಗಡಿಗೆಯಲ್ಲೇ ಕಾಣಬಹುದು. ಹೆಪ್ಪಿನೊಡನೆ ಹಾಲಿಗಿಳಿದ ದುಂಡಾಣು, ದಂಡಾಣುಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿಸುತ್ತವೆ. ಆಮ್ಲವು ಹಾಲನ್ನು ಹೆಪ್ಪುಗಟ್ಟಿಸುವುದಲ್ಲದೆ, ಕ್ರಮೇಣ ಅವುಗಳ ವೃದ್ಧಿಗೇ ತಡೆಯಾಗುತ್ತದೆ. ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಮೊಸರಾಗುವುದು ತಡವಾಗುವುದೂ ಈ ವಿಭಜನೆಯ ವೇಗ ತಗ್ಗುವುದರಿಂದಲೇ.

ಕೆಲವು ದಂಡಾಣುಗಳು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕಗಳಾಗಿ ಸುಪ್ತಸ್ಥಿತಿಗಿಳಿಯುತ್ತವೆ. ಇದು ಸಂತಾನೋತ್ಪತ್ತಿಯಲ್ಲ, ಆತ್ಮರಕ್ಷಣೆ. ಏಕೆಂದರೆ ಒಂದು ಕೋಶದಿಂದ ಹುಟ್ಟುವುದು ಒಂದೇ ಬೀಜಕ. ಒಣಹುಲ್ಲಿನ ಕಷಾಯದಲ್ಲಿ ಇಂತಹ ಬೀಜಕಗಳು ಕುದಿಯುವ ತಾಪವನ್ನೂ ಸಹಿಸುವುದನ್ನು ಫರ್ಡಿನೆಂಡ್ ಕೋನ್ 1876ರಲ್ಲಿ ತೋರಿಸಿದನು. ಚಪ್ಪೆ ರೋಗದ ದಂಡಾಣುವೂ ಹೀಗೆಯೇ ಮಣ್ಣಿನಲ್ಲಿ ವರ್ಷಗಟ್ಟಲೆ ನಿರುಪದ್ರವಿಯಾಗಿ ಉಳಿದು, ದನದ ಮಾಂಸಖಂಡದಲ್ಲಿ ಆಮ್ಲಜನಕವಿಲ್ಲದ ಎಡೆ ದೊರೆತಾಗ ಚಿಗುರಿ ವಿಷವನ್ನುಗುಳುತ್ತದೆ. ಗಳಲೆ ರೋಗದ ಅಣುವಾದರೋ ಬೀಜಕವಾಗದೆ, ಆರೋಗ್ಯವಂತ ಎಮ್ಮೆಯ ಗಂಟಲಲ್ಲೇ ಅಡಗಿದ್ದು, ಮಳೆಯ ಆರಂಭದಲ್ಲಿ ದೇಹವು ಬಳಲಿದಾಗ ಪ್ರಬಲವಾಗಬಲ್ಲದು.

ಹೀಗಿರುವಾಗ ಬ್ಯಾಕ್ಟೀರಿಯಗಳನ್ನು ಸಾಧುಗಳೆಂದೂ ದುಷ್ಟರೆಂದೂ ವಿಂಗಡಿಸುವುದಕ್ಕಿಂತ, ಯಾವುದು ಎಲ್ಲಿ, ಯಾವ ಆಹಾರದಿಂದ, ಯಾವ ಗಾಳಿಯಲ್ಲಿ ಬಾಳುತ್ತದೆಂದು ವಿಚಾರಿಸುವುದೇ ವಿವೇಕ. ಮಳೆಗೆ ಮುನ್ನ ದನಗಳಿಗೆ ಗಳಲೆ, ಚಪ್ಪೆಗಳ ಲಸಿಕೆ ಹಾಕಿಸುವುದೂ, ಹಾಲಿಗೆ ಉಗುರುಬೆಚ್ಚಗಿರುವಾಗಲೇ ಹೆಪ್ಪು ಹಾಕುವುದೂ ಆ ಒಂದೇ ವಿವೇಕದ ಎರಡು ಪ್ರಯೋಗಗಳು.