ಕಂಠಸ್ಥವಾದ ಕೃಪೆ, ಹೃದಯಸ್ಥವಾದ ಕೃಪೆ

ಪುತ್ತೂರಿನಿಂದ ಸುಳ್ಯಕ್ಕೂ ಕಡಬಕ್ಕೂ ಸಾಗುವ ದಾರಿಗಳ ಆಸುಪಾಸಿನಲ್ಲಿ, ಅಡಕೆ ರಬ್ಬರುಗಳ ತೋಟಗಳ ನಡುನಡುವೆ, ನಾನಾ ಪರಂಪರೆಗಳ ಇಗರ್ಜಿಗಳು ಕಾಣಬರುತ್ತವೆ. ಕೊಂಕಣಿ ಮನೆಮಾತಿನ ಕಥೋಲಿಕರವು ಕೆಲವು. ಬಾಸೆಲ್ ಮಿಷನ್ನಿನ ಸಂಸ್ಕಾರವನ್ನು ಉಳಿಸಿಕೊಂಡವು ಕೆಲವು. ಕೇರಳದಿಂದ ಬಂದು ಕಾಡಂಚಿನಲ್ಲಿ ನೆಲಸಿದ ಸುರಿಯಾನಿ ಕ್ರೈಸ್ತರವು ಇನ್ನು ಕೆಲವು. 2010ರಲ್ಲಿ ಪುತ್ತೂರು ಈ ಸುರಿಯಾನಿ ಪರಂಪರೆಗೆ ಸೇರಿದ ಸೀರೋ-ಮಲಂಕರ ಸಭೆಯ ಧರ್ಮಪ್ರಾಂತ್ಯದ ಕೇಂದ್ರವೂ ಆಯಿತು. ಪ್ರಾರ್ಥನೆಯ ಭಾಷೆ ಭಿನ್ನವಾದರೂ, ದೇವರ ಕೃಪೆ ದುಡಿದು ಗಳಿಸುವ ಕೂಲಿಯಲ್ಲ, ಯೋಗ್ಯತೆಯನ್ನೆಣಿಸದೆ ದೊರೆಯುವ ದಾನವೆಂಬ ಉಪದೇಶ ಎಲ್ಲೆಡೆಯೂ ಒಂದೇ.

ಆದರೆ ಇದನ್ನು ಬಲ್ಲವರೆಲ್ಲರೂ ನಂಬಿದವರೆಂದು ಹೇಳಲಾಗದು. ಇಂಗ್ಲೆಂಡಿನ ಜಾನ್ ವೆಸ್ಲಿ 1728ರಲ್ಲಿಯೇ ಪಾದ್ರಿಯಾಗಿ, ಶಾಸ್ತ್ರಗಳಲ್ಲಿ ಪಾರಂಗತನಾಗಿ, ವ್ರತನಿಯಮಗಳಲ್ಲಿ ಕಟ್ಟುನಿಟ್ಟಾಗಿ ನಡೆದುಕೊಂಡು, ಧರ್ಮಪ್ರಚಾರಕ್ಕೆಂದು ಅಮೆರಿಕಕ್ಕೂ ಹೋಗಿಬಂದಿದ್ದರೂ, ಕ್ರಿಸ್ತನು ತನ್ನ ಪಾಪಗಳನ್ನೂ ಕ್ಷಮಿಸಿರುವನೆಂಬ ಭರವಸೆ ಅವನ ಎದೆಗಿಳಿದುದು 1738ರ ಮೇ 24ರ ಸಂಜೆ, ಲಂಡನ್ನಿನ ಸಣ್ಣದೊಂದು ಕೂಟದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನರಿಗಳೂ ಇಂಥ ಅಂತರಂಗದ ಪರಿವರ್ತನೆಯನ್ನೇ ಪ್ರಧಾನವೆಂದೆಣಿಸಿದ ಜರ್ಮನ್ ಪಂಥದಲ್ಲಿ ಬೆಳೆದವರು.

ತಿಳಿವಳಿಕೆಗೂ ನಂಬಿಕೆಗೂ ಇರುವ ಅಂತರವನ್ನು ಅಳೆಯಲು ಬೈಬಲಿನ ದ್ರಾಕ್ಷಾತೋಟದ ದೃಷ್ಟಾಂತವೇ ಸಾಕು. ಬೆಳಗಿನಿಂದ ದುಡಿದವನಿಗೂ ಹೊತ್ತಿಳಿದ ಮೇಲೆ ಬಂದವನಿಗೂ ಯಜಮಾನನು ಸಮಾನ ಕೂಲಿ ಕೊಟ್ಟನಂತೆ. ಭಾನುವಾರದ ಉಪದೇಶದಲ್ಲಿ ಈ ಕಥೆಗೆ ತಲೆದೂಗುವ ಗೃಹಸ್ಥನೇ, ಮರುದಿನ ತನ್ನ ಅಡಕೆ ತೋಟದಲ್ಲಿ ಮಧ್ಯಾಹ್ನಕ್ಕೆ ಬಂದ ಆಳಿಗೆ ಪೂರ್ತಿ ಸಂಬಳ ಕೊಡಬೇಕೆಂದರೆ ಹುಬ್ಬುಗಂಟಿಕ್ಕುವನು. ಲೋಕವ್ಯವಹಾರದಲ್ಲಿ ಅದು ತಪ್ಪಲ್ಲ. ತಪ್ಪಿರುವುದು ಅದೇ ಲೆಕ್ಕವನ್ನು ದೇವರ ಸನ್ನಿಧಿಗೂ ಒಯ್ದು, ತಪ್ಪದೆ ಮಾಡಿದ ಪೂಜೆ, ಕೊಟ್ಟ ಕಾಣಿಕೆ, ಮನೆತನದ ಹಳಮೆ ಇವುಗಳನ್ನು ಎಣಿಸಿಡುವುದರಲ್ಲಿ. ತಾನು ಮುಂಜಾನೆಯ ಆಳಲ್ಲ, ಹೊತ್ತು ಮೀರಿ ಬಂದವನೆಂದು ಮನುಷ್ಯನಿಗೆ ಮನವರಿಕೆಯಾದಂದು ಮಾತ್ರ ಉಪದೇಶವು ವಿಶ್ವಾಸವಾಗಿ ಮಾರ್ಪಡುತ್ತದೆ.

ಈ ಮಾರ್ಪಾಡು ಭಾವೋದ್ರೇಕದಿಂದಲೇ, ಕಣ್ಣೀರಿನಿಂದಲೇ ಆಗಬೇಕೆಂದಿಲ್ಲ. ಅನೇಕರಿಗೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಕಾರ್ಯ. ಅದರ ಗುರುತು ದೊರೆಯುವುದು ನಡತೆಯಲ್ಲಿ: ಗಡಿಬೇಲಿಯ ತಗಾದೆಯಿಂದ ಮಾತು ಬಿಟ್ಟ ನೆರೆಯವನ ಅಂಗಳಕ್ಕೆ ತಾನಾಗಿಯೇ ಹೋಗುವುದರಲ್ಲಿ, ಕ್ಷಮೆ ಕೇಳದವನನ್ನೂ ಕ್ಷಮಿಸುವುದರಲ್ಲಿ. ಜ್ಞಾನವು ಬೇಡವೆಂದಲ್ಲ; ಆದರೆ ಕೃಪೆಯನ್ನು ವಿವರಿಸಬಲ್ಲವರು, ತಾವು ಅದನ್ನು ಕೈಚಾಚಿ ಪಡೆದಿರುವೆವೋ ಇಲ್ಲವೋ ಎಂದು ಒಮ್ಮೆ ತಮ್ಮನ್ನೇ ಕೇಳಿಕೊಳ್ಳಲಿ.