ನಿಮಗಿದು ಗೊತ್ತೆ? ಹೊಡೆದವನಿಗೇ ಒಂದೂವರೆ ಪಟ್ಟು ಏಟು!

ಬಲವಾಗಿ ಹೊಡೆದಷ್ಟೂ ಹೊಡೆದವನಿಗೇ ಪೆಟ್ಟು ಜಾಸ್ತಿ! ನಿಂಟೆಂಡೊ 2001ರಲ್ಲಿ ಹೊರತಂದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ವಿಡಿಯೊ ಗೇಮಿನಲ್ಲಿ ಕತ್ತಿವೀರ ರಾಯ್‌ನ ‘ಕೌಂಟರ್’ ಪಟ್ಟು ಇರುವುದೇ ಹೀಗೆ. ಬಟನ್ ಒತ್ತಿದರೆ ರಾಯ್ ಕತ್ತಿ ಹಿಡಿದು ಕ್ಷಣಕಾಲ ಕಾದು ನಿಲ್ಲುತ್ತಾನೆ. ಸರಿಯಾಗಿ ಆಗಲೇ ಏಟು ಬಿದ್ದರೆ ಅವನಿಗೆ ಏನೂ ಆಗದು. ಎದುರಾಳಿಗೆ ಮಾತ್ರ ಒಂದೂವರೆ ಪಟ್ಟು ವಾಪಸ್! ಅದೇ ಆಟದ ಮಾರ್ತ್‌ಗೂ ಈ ಪಟ್ಟು ಗೊತ್ತು. ಆದರೆ ಬಿದ್ದ ಏಟು ಎಷ್ಟೇ ದೊಡ್ಡದಿರಲಿ, ಅವನು ತಿರುಗಿಸಿ ಕೊಡುವುದು ಯಾವಾಗಲೂ ಒಂದೇ ಅಳತೆಯ ಪೆಟ್ಟು, ಆಟದ ಪೆಟ್ಟಿನ ಲೆಕ್ಕದಲ್ಲಿ ಬರೀ ಶೇ 7. ಯಾರೂ ಹೊಡೆಯದಿದ್ದರೆ ಕಾದು ನಿಂತವನಿಗೇ ಅಪಾಯ. ಅದಕ್ಕೇ ಪಳಗಿದ ಆಟಗಾರರು ಏಟು ಬೀಸುವುದಿಲ್ಲ, ಹತ್ತಿರ ಹೋಗಿ ಹಿಡಿದು ಎಸೆಯುತ್ತಾರೆ. ಹಿಡಿತದ ಮುಂದೆ ಕೌಂಟರ್ ಆಟ ನಡೆಯದು.